ಕಣ್ಣಳತೆಯ ಬೆಟ್ಟ

'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಬೆಟ್ಟವು ದೂರದಲ್ಲಿದೆ ಎಂಬುದು ಕಣ್ಣಿಗೆ ತಿಳಿಯುವುದಾದರೂ ಹೇಗೆ? ಹತ್ತಿರದ ಸಣ್ಣ ಗುಡ್ಡವನ್ನು ದೂರದ ಮಹಾಪರ್ವತವೆಂದು ಭ್ರಮಿಸುವುದು ಸಾಧ್ಯವೆ? ಸಾಧ್ಯವಷ್ಟೇ ಅಲ್ಲ, ನೋಡಿದವರು ಹಾಗೆ ಭ್ರಮಿಸಲೆಂದೇ ಕಟ್ಟಿದ ಬೆಟ್ಟವೊಂದುಂಟು. ಅದು ಇರುವುದು ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ, ವಾಲ್ಟ್ ಡಿಸ್ನಿಯವರು 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡ್ ಎಂಬ ವಿಹಾರೋದ್ಯಾನದಲ್ಲಿ.

ಈ ಉದ್ಯಾನವನ್ನು ಒಂದೊಂದು ಕಲ್ಪನೆಗೆ ಒಂದೊಂದು ವಿಭಾಗದಂತೆ ವಿಂಗಡಿಸಿದ್ದಾರೆ. ಅವುಗಳಲ್ಲೊಂದು 'ಫ್ಯಾಂಟಸಿಲ್ಯಾಂಡ್', ಎಂದರೆ ಕಿನ್ನರಕಥೆಗಳ ಲೋಕ. ಮನೆಮಂದಿಯೊಡನೆ ನಾವು ಅಲ್ಲಿಗೆ ಹೋಗಿದ್ದೇವೆಂದು ಭಾವಿಸೋಣ. ಮೊದಲು ಎದುರಾಗುವುದು ರಾಜಕುಮಾರಿಯ ಕೋಟೆ. ಅದರ ಗೋಪುರಗಳನ್ನು ಕಂಡ ಮಕ್ಕಳು ಮುಗಿಲು ಮುಟ್ಟಿದೆಯೆಂದೇ ಹೇಳಿಯಾರು. ಅದರ ನಿಜವಾದ ಎತ್ತರ 77 ಅಡಿ ಮಾತ್ರ. ಒಳಗೆ, ಹಿಮ ಹೊದೆದಂತೆ ಕಾಣುವ ಮ್ಯಾಟರ್‌ಹಾರ್ನ್ ಶಿಖರವಿದೆ. ಆಲ್ಪ್ಸ್ ಪರ್ವತಗಳಲ್ಲಿರುವ ಮೂಲ ಶಿಖರವು ಸಮುದ್ರಮಟ್ಟದಿಂದ 4478 ಮೀಟರ್ ಎತ್ತರವಾಗಿದೆ. 1959ರಲ್ಲಿ ತೆರೆದ ಈ ನಕಲಿಯ ಎತ್ತರ 147 ಅಡಿ, ಎಂದರೆ ಸುಮಾರು 45 ಮೀಟರ್. ಹೆಚ್ಚುಕಡಿಮೆ ಮೂಲದ ನೂರರಲ್ಲೊಂದು ಪಾಲು. ಇದರ ಹೊಟ್ಟೆಯೊಳಗೆ ಉಕ್ಕಿನ ಕೊಳವೆಗಳ ಹಳಿಯ ಮೇಲೆ ಬಂಡಿಗಳು ಓಡುತ್ತವೆ.

ಇಷ್ಟು ಚಿಕ್ಕದು ಅಷ್ಟು ದೊಡ್ಡದಾಗಿ ಕಾಣುವುದಕ್ಕೆ ಕಾರಣವೇನು? ಕಣ್ಣಿನ ಅಕ್ಷಿಪಟಲದ ಮೇಲೆ ಬೀಳುವ ಬಿಂಬದ ಗಾತ್ರವು ವಸ್ತುವಿನ ಎತ್ತರವೊಂದನ್ನೇ ಅವಲಂಬಿಸಿರುವುದಿಲ್ಲ. ವಸ್ತುವು ಕಣ್ಣಿನಲ್ಲಿ ಉಂಟುಮಾಡುವ ಕೋನವನ್ನು ಅವಲಂಬಿಸಿರುತ್ತದೆ. 45 ಮೀಟರ್ ಎತ್ತರದ ಗುಡ್ಡ 100 ಮೀಟರ್ ದೂರದಲ್ಲಿದ್ದರೂ, 4500 ಮೀಟರ್ ಎತ್ತರದ ಪರ್ವತ 10 ಕಿಲೋಮೀಟರ್ ದೂರದಲ್ಲಿದ್ದರೂ, ಆ ಕೋನವು ಸುಮಾರು 24 ಡಿಗ್ರಿಯೇ. ಆದುದರಿಂದ ಬಿಂಬವೊಂದರಿಂದಲೇ ಇವೆರಡನ್ನೂ ಬೇರ್ಪಡಿಸಲಾಗದು. ದೂರವೆಷ್ಟೆಂಬುದನ್ನು ಮನಸ್ಸು ಬೇರೆ ಗುರುತುಗಳಿಂದ ಊಹಿಸಿಕೊಳ್ಳುತ್ತದೆ.

ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರವಿರುವುದರಿಂದ ಎರಡೂ ನೋಟಗಳು ತುಸು ಬೇರೆಯಾಗಿರುತ್ತವೆ. ಈ ವ್ಯತ್ಯಾಸವೇ ಹತ್ತಿರದ ವಸ್ತುಗಳ ದೂರವನ್ನು ತಿಳಿಸುತ್ತದೆ. ದೂರ ಹೆಚ್ಚಿದಂತೆಲ್ಲ ಈ ಸಹಾಯವು ಕುಗ್ಗುತ್ತ ಹೋಗುತ್ತದೆ. ಆಗ ಮನಸ್ಸು ಪರಿಚಿತ ವಸ್ತುಗಳ ಮೊರೆಹೋಗುತ್ತದೆ. ಮರವು ಚಿಕ್ಕದಾಗಿ ಕಂಡರೆ ಅದು ದೂರದಲ್ಲಿದೆಯೆಂದು ತೀರ್ಮಾನಿಸುತ್ತದೆ.

ಡಿಸ್ನಿಲ್ಯಾಂಡಿನ ಶಿಲ್ಪಿಗಳು ಮಾಡಿರುವ ಚಮತ್ಕಾರವೆಲ್ಲವೂ ಇಲ್ಲಿಯೇ ಇದೆ. ಕೋಟೆಯ ಬುಡದಲ್ಲಿ ದೊಡ್ಡ ಕಲ್ಲುಗಳನ್ನೂ ಮೇಲೆಹೋದಂತೆ ಚಿಕ್ಕ ಕಲ್ಲುಗಳನ್ನೂ ತೋರಿಸಿದ್ದಾರೆ. ಬೆಟ್ಟದ ಬುಡದಲ್ಲಿ ದೊಡ್ಡ ಮರಗಳು, ಮೇಲೆ ಚಿಕ್ಕವು. ಕೆಳಗಿನ ಕಿಟಕಿ ಎರಡು ಮೀಟರ್, ಅದೇ ಆಕಾರದ ಮೇಲಿನ ಕಿಟಕಿ ಒಂದು ಮೀಟರ್ ಇದೆಯೆಂದಿಟ್ಟುಕೊಳ್ಳಿ. ಎರಡೂ ಸಮಾನವೆಂದು ನಂಬುವ ಮನಸ್ಸು ಮೇಲಿನದನ್ನು ಇಮ್ಮಡಿ ದೂರಕ್ಕೆ ತಳ್ಳುತ್ತದೆ. ಅದರೊಡನೆ ಗೋಪುರವೂ ಬೆಳೆಯುತ್ತದೆ. ದೂರದ ಬೆಟ್ಟ ನುಣ್ಣಗೆ ಎಂಬ ಮಾತನ್ನು ಇವರು ತಿರುವುಮುರುವಾಗಿಸಿ, ನುಣುಪನ್ನು ಮೊದಲು ತೋರಿಸಿ ದೂರವನ್ನು ನಂಬಿಸಿದ್ದಾರೆ. ಆದರೆ ಪಾರಿವಾಳವೊಂದು ಹಾರಿಬಂದು ಮೇಲಿನ ಕಿಟಕಿಯ ಅಂಚಿನಲ್ಲಿ ಕುಳಿತಿತೆನ್ನಿ, ಗುಟ್ಟು ಬಯಲಾಗುತ್ತದೆ. ಹಕ್ಕಿಯ ಗಾತ್ರವನ್ನು ಚಿಕ್ಕದಾಗಿಸಲು ಯಾವ ಶಿಲ್ಪಿಗೂ ಸಾಧ್ಯವಿಲ್ಲ.

ಹಕ್ಕಿ ಬರುವವರೆಗೆ ಕಾಯಬೇಕೆಂದೂ ಇಲ್ಲ. ಐವತ್ತು ಮೀಟರ್ ಮುಂದಕ್ಕೆ ನಡೆದರೆ ಸಾಕು. ನೂರು ಮೀಟರ್ ದೂರದಲ್ಲಿದ್ದ ನಕಲಿ ಶಿಖರದ ಕೋನವು 24 ಡಿಗ್ರಿಯಿಂದ 42 ಡಿಗ್ರಿಗೆ ಏರಿಬಿಡುತ್ತದೆ. ಹತ್ತು ಕಿಲೋಮೀಟರ್ ಆಚೆಯ ನಿಜವಾದ ಪರ್ವತವಾದರೆ ಅಷ್ಟೇ ನಡಿಗೆಗೆ ಅದರ ಕೋನವು ಹೆಚ್ಚುವುದು ಒಂದು ಡಿಗ್ರಿಯ ಹತ್ತರಲ್ಲೊಂದು ಪಾಲು ಮಾತ್ರ! ಒಂದೇ ಕಡೆ ನಿಂತವನು ಮೋಸಹೋಗಬಹುದು. ಎರಡು ಕಡೆಯಿಂದ ಕೋನವನ್ನು ಅಳೆದು, ನಡುವಣ ಅಂತರವನ್ನು ಬಲ್ಲವನು ಮೋಸಹೋಗುವುದಿಲ್ಲ. ಶಾಲೆಯಲ್ಲಿ ಕಲಿಯುವ ತ್ರಿಕೋನಮಿತಿಯ ಸಾರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಇದು ಉದ್ಯಾನದ ವಿನೋದಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಹಿಮಾಲಯದಲ್ಲಿ ಪ್ರಕೃತಿಯೇ ಇಂತಹ ಭ್ರಮೆಯನ್ನು ಒಡ್ಡಿತ್ತು. ಡಾರ್ಜಿಲಿಂಗಿನ ಕಡೆಯಿಂದ ನೋಡುವವರಿಗೆ ಹತ್ತಿರದ ಕಾಂಚನಜುಂಗವೇ ಭವ್ಯವಾಗಿ ಕಾಣುತ್ತದೆ, ಎವರೆಸ್ಟ್ ದೂರದಲ್ಲಿ ಮರೆಯಾದಂತಿರುತ್ತದೆ. ಒಂದು ಕಾಲಕ್ಕೆ ಕಾಂಚನಜುಂಗವನ್ನೇ ಜಗತ್ತಿನ ಅತ್ಯುನ್ನತ ಶಿಖರವೆಂದು ಎಣಿಸಲಾಗಿತ್ತು. ಭಾರತದ ತ್ರಿಕೋನಮಾಪನ ಇಲಾಖೆಯವರು ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಬಯಲಿನ ಹಲವು ಠಾಣೆಗಳಿಂದ ಕೋನಗಳನ್ನು ಅಳೆದರು. ರಾಧಾನಾಥ ಸಿಕ್ದಾರರೇ ಮೊದಲಾದವರು ಲೆಕ್ಕಹಾಕಿದರು. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ, ಎಂದರೆ ಸುಮಾರು 8840 ಮೀಟರ್. 2020ರಲ್ಲಿ ನೇಪಾಳ ಮತ್ತು ಚೀನಗಳು ಕೂಡಿ ಘೋಷಿಸಿದ ಎತ್ತರ 8848.86 ಮೀಟರ್. ಶಿಖರದ ಮೇಲೆ ಯಾರೂ ಕಾಲಿಡದಿದ್ದ ದಿನಗಳಲ್ಲಿ ಮಾಡಿದ ಲೆಕ್ಕವು ಹತ್ತು ಮೀಟರಿನಷ್ಟೂ ತಪ್ಪಿರಲಿಲ್ಲ.

ಕಣ್ಣು ಸುಳ್ಳು ಹೇಳುವುದಿಲ್ಲ. ಅದು ಕೋನವನ್ನು ಮಾತ್ರ ಹೇಳುತ್ತದೆ. ಉಳಿದುದನ್ನು ಊಹೆಗೆ ಬಿಡಬೇಕೆ, ಅಳತೆಗೆ ಒಪ್ಪಿಸಬೇಕೆ ಎಂಬುದು ನೋಡುವವನಿಗೆ ಸೇರಿದ್ದು.