ಉದ್ದದ ಪದಕ್ಕೆ ಹೆದರಬೇಕೇ?

‘ಗ್ಯಾಸ್ಟ್ರಿಕ್’ ಎಂಬ ಮಾತು ಕೇಳದ ಮನೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಸಿಗುವುದು ಕಷ್ಟ. ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ಎದೆ ಉರಿದರೂ ಗ್ಯಾಸ್ಟ್ರಿಕ್. ಆದರೆ ಅದೇ ಮನೆಯ ಹುಡುಗಿ ಪಿಯುಸಿ ಮುಗಿಸಿ ಮೈಸೂರಿಗೆ ನರ್ಸಿಂಗನ್ನೋ ವೈದ್ಯಕೀಯವನ್ನೋ ಓದಲು ಹೋದಾಗ ‘ಗ್ಯಾಸ್ಟ್ರೋಎಂಟರಲಾಜಿಕಲ್’ ಎಂಬ ಪದ ಎದುರಾದರೆ ತಡವರಿಸುತ್ತಾಳೆ. 2017ರಿಂದ ನೀಟ್ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕಾಲೇಜಿನ ಪಾಠ ಮಾತ್ರ ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದವರ ಅಳುಕು ಶುರುವಾಗುವುದು ಇಲ್ಲಿಂದ.

ಈ ಅಳುಕಿಗೆ ಮದ್ದು ಕನ್ನಡ ವ್ಯಾಕರಣದಲ್ಲೇ ಇದೆ. ಸಮಾಸ ಬಿಡಿಸಿದಂತೆ ಈ ಪದವನ್ನೂ ಬಿಡಿಸಬಹುದು. ಗ್ರೀಕ್ ಭಾಷೆಯ ‘ಗ್ಯಾಸ್ಟರ್’ ಎಂದರೆ ಜಠರ, ‘ಎಂಟೆರಾನ್’ ಎಂದರೆ ಕರುಳು. ‘ಲಾಜಿ’ ಎಂದರೆ ಶಾಸ್ತ್ರ. ನಡುವಿನ ‘ಓ’ ಬರೀ ಬೆಸುಗೆ. ‘ಮನೆ’ಗೆ ‘ಅನ್ನು’ ಸೇರುವಾಗ ‘ಯ’ಕಾರ ಬಂದು ‘ಮನೆಯನ್ನು’ ಆಗುವುದಿಲ್ಲವೇ, ಹಾಗೆ. ಕೊನೆಯ ‘ಇಕಲ್’ ನಾಮಪದವನ್ನು ವಿಶೇಷಣವಾಗಿಸುತ್ತದೆ. ‘ವಿಜ್ಞಾನ’ವು ‘ವೈಜ್ಞಾನಿಕ’ ಆದಂತೆ. ಒಟ್ಟು ಅರ್ಥ: ಜಠರ ಮತ್ತು ಕರುಳಿನ ಶಾಸ್ತ್ರಕ್ಕೆ ಸಂಬಂಧಿಸಿದ್ದು.

ಇನ್ನು ಉಚ್ಚಾರಣೆ. ಗ್ಯಾಸ್-ಟ್ರೋ-ಎಂ-ಟ-ರ-ಲಾ-ಜಿ-ಕಲ್: ಒಟ್ಟು 8 ತುಂಡು. ಕನ್ನಡ ಛಂದಸ್ಸಿನ ಲಘು-ಗುರು ಕಾಲದ ಲೆಕ್ಕ. ಇಂಗ್ಲಿಷಿನದು ದನಿಯ ಒತ್ತಿನ ಲೆಕ್ಕ. ಒಂದು ತುಂಡನ್ನು ಉಳಿದವಕ್ಕಿಂತ ಬಲವಾಗಿ ನುಡಿಯಬೇಕು. ‘ಇಕ್’, ‘ಇಕಲ್’ ಎಂದು ಮುಗಿಯುವ ಪದದಲ್ಲಿ ಸಾಮಾನ್ಯವಾಗಿ ಅದರ ಹಿಂದಿನ ತುಂಡಿಗೆ ಒತ್ತು. ಇಲ್ಲಿ 6ನೆಯದಾದ ‘ಲಾ’ಗೆ. ‘ಗ್ಯಾಸ್ಟ್ರೋಎಂಟರಾಲಜಿ’ ಎಂಬ ನಾಮಪದದಲ್ಲಾದರೆ ಒತ್ತು ‘ರಾ’ಗೆ ಸರಿಯುತ್ತದೆ. ಪಿಯುಸಿಯಲ್ಲಿ ಕೇಳಿದ ‘ಬಯಾಲಜಿ’, ‘ಬಯೋಲಾಜಿಕಲ್’ ಪದಗಳಲ್ಲೂ ಇದೇ ಆಟ.

ಒಂದು ಪದ ಬಿಡಿಸಿದರೆ ಹಲವು ಪದ ಕೈಸೇರುತ್ತವೆ. ‘ಐಟಿಸ್’ ಎಂದರೆ ಉರಿಯೂತ ಎಂದು ತಿಳಿದವರಿಗೆ ‘ಗ್ಯಾಸ್ಟ್ರೈಟಿಸ್’ ಜಠರದ ಉರಿಯೂತ, ‘ಎಂಟರೈಟಿಸ್’ ಕರುಳಿನ ಉರಿಯೂತ ಎಂದು ಹೇಳಿಕೊಡಬೇಕಾಗಿಲ್ಲ. ವೈದ್ಯಕ ಪದಗಳ ಹುಟ್ಟು, ರಚನೆಗಳನ್ನು ಹೀಗೆ ಬಿಡಿಸಿ ತೋರಿಸುವ ಕೃತಿಯನ್ನು ಡಾ. ಡಿ.ಎಸ್. ಶಿವಪ್ಪ ಕನ್ನಡದಲ್ಲೇ ರಚಿಸಿದ್ದಾರೆ.

ಹೆತ್ತವರಿಗೂ ಇಲ್ಲೊಂದು ಪಾಠವಿದೆ. ‘ಗ್ಯಾಸ್ಟ್ರಿಕ್’ ರೋಗದ ಹೆಸರಲ್ಲ. ‘ಜಠರದ’ ಎಂದು ಹೇಳುವ ವಿಶೇಷಣ ಅಷ್ಟೆ. ಹೃದಯಾಘಾತದ ನೋವು ಕೆಲವೊಮ್ಮೆ ಎದೆಯುರಿಯಂತೆಯೇ ಕಾಣಿಸಿಕೊಳ್ಳುತ್ತದೆ. ಅದನ್ನೂ ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಮಲಗಿದರೆ ಪ್ರಾಣಕ್ಕೇ ಸಂಚಕಾರ. ನೋವು ಜಠರದ್ದೋ ಹೃದಯದ್ದೋ ಎಂದು ಹೇಳಬೇಕಾದವರು ವೈದ್ಯರು. ಪದ ಬಿಡಿಸಲು ಕಲಿತ ಮಗಳು ರಜೆಗೆ ಊರಿಗೆ ಬಂದಾಗ ಮನೆಯಲ್ಲಿ ಮೊದಲು ಹೇಳಬೇಕಾದ ಮಾತು ಇದೇ.