ಸ್ಯಾಂಪಲ್ ರಿಜೆಕ್ಟ್ ಆದರೆ ರಕ್ತ ಕೆಟ್ಟಿದೆಯೆಂದಲ್ಲ

‘ಸ್ಯಾಂಪಲ್ ರಿಜೆಕ್ಟ್ ಆಗಿದೆ, ಇನ್ನೊಮ್ಮೆ ರಕ್ತ ಕೊಡಬೇಕು.’ ಲ್ಯಾಬಿನಿಂದ ಈ ಮಾತು ಬಂದರೆ ಕ್ಯಾನ್ಸರ್ ರೋಗಿಯ ಮನೆಯವರ ಎದೆ ಧಸಕ್ಕೆನ್ನುತ್ತದೆ. ರೋಗ ಹೆಚ್ಚಾಗಿ ರಕ್ತವೇ ಕೆಟ್ಟಿದೆ ಎಂದುಕೊಳ್ಳುವವರೂ ಇದ್ದಾರೆ. ಆದರೆ ತೊಡಕು ಆಗಿರುವುದು ಬಹುಪಾಲು ಸೂಜಿ ಚುಚ್ಚಿದ ಗಳಿಗೆಯಿಂದ ಟ್ಯೂಬು ಲ್ಯಾಬ್ ಸೇರುವವರೆಗಿನ ಹಾದಿಯಲ್ಲಿ.

ನೇರಳೆ ಮುಚ್ಚಳದ ಟ್ಯೂಬನ್ನೇ ನೋಡಿ. ರಕ್ತ ಹೆಪ್ಪುಗಟ್ಟದಿರಲೆಂದು ಅದರೊಳಗೆ ಇಡಿಟಿಎ ಇರುತ್ತದೆ. ತುಂಬಿದ ಕೂಡಲೇ ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡದಿದ್ದರೆ ಸಾಸಿವೆ ಕಾಳಿನಷ್ಟು ಹೆಪ್ಪು ಕಟ್ಟಿ, ಪ್ಲೇಟ್‌ಲೆಟ್‌ಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಯಂತ್ರ ಕಡಿಮೆ ಎಣಿಸುತ್ತದೆ. ಎಷ್ಟೋ ಕೀಮೋ ಚಿಕಿತ್ಸೆಗಳಲ್ಲಿ ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಇಳಿದರೆ ಡೋಸ್ ಮುಂದೂಡುತ್ತಾರೆ. ಆ ಸುಳ್ಳು ಅಂಕಿಯನ್ನು ನಂಬಿದರೆ ಚಿಕಿತ್ಸೆ ವಿನಾಕಾರಣ ತಡವಾದೀತು.

‘ಲ್ಯಾಬಿನವರ ಉದಾಸೀನ’ ಎಂಬ ದೂರಿನಲ್ಲಿ ಒಂದಿಷ್ಟು ನಿಜವಿದೆ: ಹೆಸರಿನ ಚೀಟಿ ಅದಲುಬದಲಾದರೆ ಅದು ಸಿಬ್ಬಂದಿಯದೇ ತಪ್ಪು. ಆದರೆ ಕೀಮೋದಿಂದ ಗಟ್ಟಿಯಾದ ಸಣ್ಣ ನರದಿಂದ ರಕ್ತ ತೆಗೆಯುವುದು ನಿಜಕ್ಕೂ ಕಷ್ಟ. ಸಿರಿಂಜನ್ನು ಜೋರಾಗಿ ಎಳೆದರೆ ಕೆಂಪು ಕಣಗಳು ಒಡೆದು, ಅವುಗಳೊಳಗಿನ ಪೊಟ್ಯಾಸಿಯಂ ಹೊರಬರುತ್ತದೆ. ಇದೇ ಹೀಮೋಲಿಸಿಸ್, ತಿರಸ್ಕಾರಕ್ಕೆ ಅತಿ ಸಾಮಾನ್ಯ ಕಾರಣ. ಚಿಕಿತ್ಸೆಗೆ ಗೆಡ್ಡೆಯ ಕಣಗಳು ಒಮ್ಮೆಲೇ ಸತ್ತಾಗಲೂ ಪೊಟ್ಯಾಸಿಯಂ ಏರುತ್ತದೆ. ಅದು ಹೃದಯಕ್ಕೆ ಅಪಾಯ. ಏರಿಕೆ ಮೈಯೊಳಗಿನದೋ ಟ್ಯೂಬಿನೊಳಗಿನದೋ ಎಂದು ತಿಳಿಯದೆ ರಿಪೋರ್ಟ್ ಕೊಡುವುದೇ ದೊಡ್ಡ ತಪ್ಪು.

ರೋಗದ ಪಾತ್ರ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕೆಲವು ಲ್ಯುಕೇಮಿಯಾಗಳಲ್ಲಿ ಬಿಳಿ ಕಣಗಳು ಬಲು ನಾಜೂಕು. ಟ್ಯೂಬು ಕುಲುಕಿದರೂ ಒಡೆಯುತ್ತವೆ.

ಕೀಮೋ ಕೊಡಲು ಚರ್ಮದಡಿ ಕೂರಿಸುವ ಪೋರ್ಟ್ ಇದ್ದವರಿಗೂ ಈ ಕಾಟ ತಪ್ಪಿದ್ದಲ್ಲ. ಲೈನಿನಲ್ಲಿ ಉಳಿದ ಸಲೈನ್ ಬೆರೆತರೆ ರಕ್ತ ತೆಳುವಾಗುತ್ತದೆ, ಹೆಪಾರಿನ್ ಬೆರೆತರೆ ಹೆಪ್ಪುಗಟ್ಟುವಿಕೆಯ ಪರೀಕ್ಷೆ ಕೆಡುತ್ತದೆ. ಮೊದಲ ಕೆಲವು ಎಂಎಲ್ ರಕ್ತ ಚೆಲ್ಲುವುದು ಅದಕ್ಕೇ. ದಂಡ ಮಾಡುತ್ತಿದ್ದಾರೆಂದು ಮರುಗಬೇಕಿಲ್ಲ. ರಾಸ್‌ಬುರಿಕೇಸ್ ಎಂಬ ಯೂರಿಕ್ ಆಸಿಡ್ ಇಳಿಸುವ ಔಷಧಿ ಪಡೆದವರ ಯೂರಿಕ್ ಆಸಿಡ್ ಸ್ಯಾಂಪಲನ್ನಂತೂ ಐಸಿನಲ್ಲೇ ಒಯ್ಯಬೇಕು. ಇಲ್ಲದಿದ್ದರೆ ಆ ಔಷಧಿ ಟ್ಯೂಬಿನೊಳಗೂ ಕೆಲಸ ಮುಂದುವರಿಸಿ ಅಂಕಿಯನ್ನು ಇಳಿಸುತ್ತದೆ.

ರಿಜೆಕ್ಟ್ ಆದದ್ದು ಯಾಕೆಂದು ಮನೆಯವರು ಕೇಳಬಹುದು, ಕೇಳಬೇಕು. ಮತ್ತೆ ಚುಚ್ಚುವ ಮೊದಲು ಯಾವ ಕೈಗೆ ಡ್ರಿಪ್ ಹಾಕಿದೆ, ಯಾವ ಕಂಕುಳಿನ ಗ್ರಂಥಿ ತೆಗೆದಿದ್ದಾರೆ ಎಂದು ಹೇಳಿದರೆ ರಕ್ತ ತೆಗೆಯುವವರು ಇನ್ನೊಂದು ಕೈ ಆರಿಸಿಕೊಳ್ಳುತ್ತಾರೆ.