ಪ್ರಿಂಟ್ ಒತ್ತುವ ಮೊದಲು: ಲೆಕ್ಕದ ವರದಿಗೆ ಪೇಜ್ ಸೆಟಪ್

ನಮ್ಮ ಕಾಮರ್ಸ್ ವಿಭಾಗದ ಹುಡುಗ ಹುಡುಗಿಯರಲ್ಲಿ ಹಲವರು ಪರೀಕ್ಷೆ ಮುಗಿದ ಮೇಲೆ ಟ್ಯಾಲಿ ಕ್ಲಾಸಿಗೆ ಸೇರುತ್ತಾರೆ. ಕೆಲವರು ಆಗಲೇ ಮನೆಯ ಅಂಗಡಿಯ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಬರೆಯುತ್ತಿದ್ದಾರೆ. ಲೆಕ್ಕ ಹಾಕುವುದನ್ನು ಎಲ್ಲರೂ ಕಲಿಸುತ್ತಾರೆ. ಆ ಲೆಕ್ಕವನ್ನು ಹಾಳೆಯ ಮೇಲೆ ಸರಿಯಾಗಿ ಇಳಿಸುವುದನ್ನು ಕಲಿಸುವವರು ಕಡಿಮೆ. ಆದರೆ ಬ್ಯಾಂಕಿನವರು, ಆಡಿಟರ್, ಸಂಘದ ಸದಸ್ಯರು, ರೈತರು ನೋಡುವುದು ಆ ಹಾಳೆಯನ್ನೇ. ಅವರ ಮುಂದೆ ನಿಮ್ಮ ಕಂಪ್ಯೂಟರ್ ಇರುವುದಿಲ್ಲ, ನೀವೂ ಇರುವುದಿಲ್ಲ.

ಒಂದು ಉದಾಹರಣೆ ಹಿಡಿಯೋಣ. ಇಂಡಿಯಲ್ಲಿ ಒಂದು ಲಿಂಬೆ ಅಂಗಡಿ ಇದೆ ಎಂದುಕೊಳ್ಳಿ. 120 ರೈತರ ಲೆಕ್ಕ. ಹನ್ನೆರಡು ಕಾಲಂ: ದಿನಾಂಕ, ಪಟ್ಟಿ ನಂಬರ್, ರೈತರ ಹೆಸರು, ಊರು, ತಾಲೂಕು, ಚೀಲ, ದರ, ಒಟ್ಟು, ಗಾಡಿ ಬಾಡಿಗೆ, ಮುಂಗಡ, ಬಾಕಿ, ಷರಾ. ಎಲ್ಲಾ ಕಾಲಂ ಸೇರಿ ಅಗಲ 350 ಮಿಲಿಮೀಟರ್ ಆಯಿತು ಎನ್ನಿ. ಸ್ಕ್ರೀನ್ ಮೇಲೆ ಪಕ್ಕಕ್ಕೆ ಸರಿಸುತ್ತಾ ನೋಡಿದರೆ ಯಾವ ತೊಂದರೆಯೂ ಕಾಣುವುದಿಲ್ಲ. ನೇರವಾಗಿ ಪ್ರಿಂಟ್ ಕೊಟ್ಟರೆ ಏನಾಗುತ್ತದೆ?

ಎ4 ಹಾಳೆಯ ಅಗಲ 210 ಮಿಲಿಮೀಟರ್, ಎತ್ತರ 297. ಫೈಲಿಗೆ ಪಂಚ್ ಹೊಡೆಯಲು ಎಡಕ್ಕೆ 25, ಬಲಕ್ಕೆ 10 ಬಿಟ್ಟರೆ ಬರೆಯಲು ಉಳಿಯುವುದು 175. ಅಂದರೆ 350ರ ಲೆಕ್ಕಕ್ಕೆ ಕನಿಷ್ಠ ಎರಡು ಹಾಳೆಯ ಅಗಲ ಬೇಕು. ಮೇಲೆ ಕೆಳಗೆ 20 ಬಿಟ್ಟು, ಒಂದು ಸಾಲಿಗೆ 15 ಪಾಯಿಂಟ್ ಎತ್ತರ ಎಂದರೆ ಪುಟಕ್ಕೆ 48 ಸಾಲು. 120 ರೈತರಿಗೆ ಮೂರು ಪುಟ. ಎಕ್ಸೆಲ್ ಮೊದಲು ಮೇಲಿಂದ ಕೆಳಗೆ ಮುದ್ರಿಸಿ, ಆಮೇಲೆ ಬಲಕ್ಕೆ ಹೋಗುತ್ತದೆ. ಹಾಗಾಗಿ ರೈತರ ಹೆಸರು 1, 2, 3ನೇ ಹಾಳೆಯಲ್ಲಿ, ಅವರ ಬಾಕಿ 4, 5, 6ನೇ ಹಾಳೆಯಲ್ಲಿ. ಮೊದಲ ಹಾಳೆಯ ಜೋಡಿ ಎರಡನೆಯದಲ್ಲ, ನಾಲ್ಕನೆಯದು! ಹಾಳೆಗೆ ನಂಬರ್ ಇಲ್ಲದಿದ್ದರೆ, ನಾಲ್ಕನೆಯದರ ಜಾಗದಲ್ಲಿ ಐದನೆಯದನ್ನು ಇಟ್ಟರೆ, ಒಬ್ಬರ ಬಾಕಿ ಇನ್ನೊಬ್ಬರ ಹೆಸರಿನ ಮುಂದೆ ಕೂರುತ್ತದೆ. ಕೂಡಿದ ಮೊತ್ತದಲ್ಲಿ ಒಂದು ರೂಪಾಯಿಯೂ ವ್ಯತ್ಯಾಸ ಬರುವುದಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗುವುದೂ ಇಲ್ಲ, ಆ ರೈತ ಬಂದು ಕೇಳುವವರೆಗೆ.

ಇದಕ್ಕೆ ಪರಿಹಾರ ಎಕ್ಸೆಲ್‌ನ ‘ಪೇಜ್ ಲೇಔಟ್’ ಟ್ಯಾಬ್‌ನಲ್ಲಿದೆ. ಮೊದಲು ‘ಸೈಜ್’ ಎ4 ಇದೆಯೇ ನೋಡಿ. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರ್‌ಗಳಲ್ಲಿ ಅದು ‘ಲೆಟರ್’ ಎಂದಿರುತ್ತದೆ, ಅಂದರೆ 216 × 279. ಎಷ್ಟೋ ಪ್ರಿಂಟರ್‌ಗಳು ಲೆಟರ್ ಹಾಳೆ ಹಾಕಿ ಎಂದು ನಿಂತುಬಿಡುವುದು ಇದೇ ಕಾರಣಕ್ಕೆ. ಆಮೇಲೆ ‘ಓರಿಯಂಟೇಶನ್’ ಅನ್ನು ಲ್ಯಾಂಡ್‌ಸ್ಕೇಪ್ ಮಾಡಿ, ಹಾಳೆ ಅಡ್ಡ ಆಗುತ್ತದೆ. ಈಗ ಬರೆಯುವ ಅಗಲ 262 ಮಿಲಿಮೀಟರ್. ನಂತರ ‘ಸ್ಕೇಲ್ ಟು ಫಿಟ್’ ಎಂಬಲ್ಲಿ ಅಗಲಕ್ಕೆ ‘1 ಪೇಜ್’, ಎತ್ತರಕ್ಕೆ ‘ಆಟೊಮ್ಯಾಟಿಕ್’ ಕೊಡಿ. ಎತ್ತರಕ್ಕೂ 1 ಕೊಡುವವರಿದ್ದಾರೆ. ಆಗ 120 ಸಾಲೂ ಒಂದೇ ಹಾಳೆಗೆ ಕುಗ್ಗಿ ಇರುವೆ ಸಾಲಿನಂತೆ ಕಾಣುತ್ತದೆ.

ಅಗಲ ಒಂದೇ ಪುಟಕ್ಕೆ ಬಂತು, ಆದರೆ ಅದಕ್ಕೆ ಬೆಲೆ ಇದೆ. 350 ಅನ್ನು 262ಕ್ಕೆ ಇಳಿಸಿದರೆ ಸುಮಾರು ಶೇ. 75, 11 ಪಾಯಿಂಟ್ ಅಕ್ಷರ 8ರ ಹತ್ತಿರ ಬರುತ್ತದೆ. ಕನ್ನಡಕ ಹಾಕುವ ಹಿರಿಯರಿಗೆ ಇದು ಕಷ್ಟ. ಆದ್ದರಿಂದ ಕುಗ್ಗಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಹಾಳೆ ಓದುವವರಿಗೆ ಹನ್ನೆರಡೂ ಕಾಲಂ ಬೇಕೇ? ಬಾಕಿ ಪಟ್ಟಿಗೆ ಷರಾ ಬೇಡ, ಪಟ್ಟಿ ನಂಬರ್ ಬಹುಶಃ ಬೇಡ. ಇವೆರಡನ್ನು ‘ಹೈಡ್’ ಮಾಡಿದರೆ ಅಗಲ 280ಕ್ಕೆ ಇಳಿಯಿತು ಎನ್ನಿ, ಆಗ ಸ್ಕೇಲ್ ಶೇ. 93, ಅಕ್ಷರ ಹತ್ತು ಪಾಯಿಂಟ್ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಪೇಜ್ ಸೆಟಪ್‌ನ ಅರ್ಧ ಕೆಲಸ ಇದೇ, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು. ಹೈಡ್ ಮಾಡಿದ ಕಾಲಂ ಅಳಿಸಿ ಹೋಗುವುದಿಲ್ಲ, ಹಾಳೆಯ ಮೇಲೆ ಬರುವುದಿಲ್ಲ ಅಷ್ಟೆ.

ಎರಡನೇ ಪುಟಕ್ಕೆ ಬನ್ನಿ. ಅಲ್ಲಿ ಕಾಲಂ ಹೆಸರುಗಳೇ ಇಲ್ಲದಿದ್ದರೆ 4,500 ಎಂಬುದು ಮುಂಗಡವೋ ಬಾಕಿಯೋ ಯಾರಿಗೆ ಗೊತ್ತು? ‘ಪ್ರಿಂಟ್ ಟೈಟಲ್ಸ್’ ಒತ್ತಿ, ‘ರೋಸ್ ಟು ರಿಪೀಟ್ ಅಟ್ ಟಾಪ್’ ಎಂಬಲ್ಲಿ ತಲೆಬರಹದ ಸಾಲನ್ನು ಆರಿಸಿ. ಪ್ರತಿ ಪುಟದ ಮೇಲೂ ಅದು ತಾನಾಗಿ ಬರುತ್ತದೆ. ಲಿಬ್ರೆಆಫೀಸ್ ಬಳಸುವವರಿಗೆ ಇದೇ ಸೌಲಭ್ಯ ‘ಫಾರ್ಮ್ಯಾಟ್’ ಮೆನುವಿನ ‘ಪ್ರಿಂಟ್ ರೇಂಜಸ್’ನಲ್ಲಿದೆ. ಪ್ರತಿ ಪುಟದ ತಲೆಗೆ ತಲೆಬರಹವನ್ನು ಕೈಯಿಂದ ಟೈಪ್ ಮಾಡಬೇಡಿ. ಮಧ್ಯೆ ಒಬ್ಬ ರೈತರ ಹೆಸರು ಸೇರಿಸಿದ ಕೂಡಲೇ ಆ ಸಾಲು ಪುಟದ ನಡುವೆ ಜಾರುತ್ತದೆ. ಫೂಟರ್‌ನಲ್ಲಿ ‘ಪುಟ 2 / 3’ ಎಂದು ಬರುವಂತೆ ಮಾಡಿ. ಬರೀ 2 ಎಂದಿದ್ದರೆ ಕೊನೆಯ ಹಾಳೆ ಕಳೆದದ್ದು ತಿಳಿಯುವುದಿಲ್ಲ. ಮೇಲೆ ಅಂಗಡಿಯ ಅಥವಾ ಸಂಘದ ಹೆಸರು, ಯಾವ ಅವಧಿಯ ಲೆಕ್ಕ, ಮುದ್ರಿಸಿದ ದಿನ.

ನಮ್ಮ ಕಡೆಯ ಹಳೆಯ ಕಿರ್ದಿ ಖತಾವಣಿ ನೋಡಿದವರಿಗೆ ಇದು ಹೊಸದೇನಲ್ಲ. ಪುಟದ ಕೊನೆಗೆ ಮೊತ್ತ ಕೂಡಿಸಿ ‘ಮುಂದಿನ ಪುಟಕ್ಕೆ’, ಮುಂದಿನ ಪುಟದ ತಲೆಗೆ ‘ಹಿಂದಿನ ಪುಟದಿಂದ’ ಎಂದು ಬರೆಯುತ್ತಿದ್ದರು. ನಡುವಿನ ಹಾಳೆ ಹರಿದರೆ ಸಿಕ್ಕಿಬೀಳುತ್ತಿತ್ತು. ಟ್ಯಾಲಿಯಲ್ಲಿ ಉದ್ದದ ಲೆಜರ್ ಮುದ್ರಿಸಿದಾಗ ಬರುವ ‘ಕ್ಯಾರಿಡ್ ಓವರ್’, ‘ಬ್ರಾಟ್ ಫಾರ್ವರ್ಡ್’ ಇದೇ ಪದ್ಧತಿ. ಕುರಾನಿನ ಅತಿ ದೀರ್ಘ ಆಯತ್, ಸೂರಾ ಬಕರಾದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತೇ ಇದೆ. ಬರೆಯುವವನು ನ್ಯಾಯದಿಂದ ಬರೆಯಬೇಕು, ಮೊತ್ತ ಚಿಕ್ಕದೆಂದು ಬೇಸರಿಸಬಾರದು ಎಂದು ಅದು ಹೇಳುತ್ತದೆ. ಈಗ ಆ ಬರೆಯುವವರ ಜಾಗದಲ್ಲಿ ನೀವು ಕೂತಿದ್ದೀರಿ. 1995ರ ವಕ್ಫ್ ಕಾಯ್ದೆಯ 46ನೇ ಕಲಂ ಪ್ರಕಾರ ಮುತವಲ್ಲಿಗಳು ಮಾರ್ಚ್ 31ಕ್ಕೆ ಮುಗಿಯುವ ವರ್ಷದ ಪೂರ್ಣ ಲೆಕ್ಕವನ್ನು ವಕ್ಫ್ ಮಂಡಳಿಗೆ ಕೊಡಬೇಕು. ಮಸೀದಿ ಕಮಿಟಿಯ ಹಿರಿಯರು ಆ ಕೆಲಸಕ್ಕೆ ಓಣಿಯಲ್ಲಿ ಕಂಪ್ಯೂಟರ್ ಬಲ್ಲ ಹುಡುಗರನ್ನು ಹುಡುಕುವುದು ಸಹಜ. ಸಹಕಾರಿ ಸಂಘಗಳಿಗೆ ಸೆಪ್ಟೆಂಬರ್ ಎಂದರೆ ವಾರ್ಷಿಕ ಮಹಾಸಭೆಯ ಕಾಲ. ಜಮಾ ಖರ್ಚು, ಅಢಾವೆ ಪತ್ರಿಕೆ ಎಲ್ಲಾ ಸದಸ್ಯರ ಕೈಗೆ ಹೋಗುತ್ತವೆ.

ವ್ಯವಹಾರ ದೊಡ್ಡದಾದಾಗ ಎಕ್ಸೆಲ್ ಸಾಲುವುದಿಲ್ಲ. ಕ್ರಿಸ್ಟಲ್ ರಿಪೋರ್ಟ್ಸ್‌ನಂಥ ವರದಿ ಸಾಫ್ಟ್‌ವೇರ್ ಬರುತ್ತದೆ. ಅಲ್ಲಿ ಹಾಳೆಯನ್ನು ಪಟ್ಟಿಗಳಾಗಿ ಭಾಗ ಮಾಡಿರುತ್ತಾರೆ. ರಿಪೋರ್ಟ್ ಹೆಡರ್ ಇಡೀ ವರದಿಗೆ ಒಮ್ಮೆ, ಪೇಜ್ ಹೆಡರ್ ಪ್ರತಿ ಪುಟಕ್ಕೆ, ಡೀಟೇಲ್ಸ್ ಪ್ರತಿ ರೈತರಿಗೆ ಒಂದು ಸಾಲು, ಪೇಜ್ ಫೂಟರ್ ಪುಟದ ಕೆಳಗೆ, ರಿಪೋರ್ಟ್ ಫೂಟರ್ ಕೊನೆಗೊಮ್ಮೆ. ಕಾಲಂ ಹೆಸರನ್ನು ರಿಪೋರ್ಟ್ ಹೆಡರ್‌ನಲ್ಲಿ ಇಟ್ಟರೆ ಮೊದಲ ಪುಟದಲ್ಲಿ ಮಾತ್ರ ಬರುತ್ತದೆ. ಅದರ ಜಾಗ ಪೇಜ್ ಹೆಡರ್. ಒಟ್ಟು ಮೊತ್ತದ ಜಾಗ ರಿಪೋರ್ಟ್ ಫೂಟರ್. ನಮ್ಮ ಲಿಂಬೆ ಅಂಗಡಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲೂಕಿನ ರೈತರಿದ್ದರೆ ತಾಲೂಕಿನ ಮೇಲೆ ‘ಗ್ರೂಪ್’ ಮಾಡಬಹುದು. ಪ್ರತಿ ಗುಂಪಿನ ನಂತರ ‘ನ್ಯೂ ಪೇಜ್ ಆಫ್ಟರ್’ ಕೊಟ್ಟರೆ ಸಿಂದಗಿಯ ಪಟ್ಟಿ ಹೊಸ ಹಾಳೆಯಿಂದ ಶುರುವಾಗುತ್ತದೆ, ಆ ಕಡೆಗೆ ಹೋಗುವವರ ಕೈಗೆ ಅಷ್ಟನ್ನೇ ಕೊಟ್ಟು ಕಳಿಸಬಹುದು. ‘ರಿಪೀಟ್ ಗ್ರೂಪ್ ಹೆಡರ್’ ಕೊಟ್ಟರೆ ಎರಡನೇ ಹಾಳೆಗೂ ತಾಲೂಕಿನ ಹೆಸರು ಬರುತ್ತದೆ. ಎಕ್ಸೆಲ್‌ನಲ್ಲೂ ‘ಸಬ್‌ಟೋಟಲ್’ನಲ್ಲಿ ‘ಪೇಜ್ ಬ್ರೇಕ್ ಬಿಟ್ವೀನ್ ಗ್ರೂಪ್ಸ್’ ಎಂಬುದಿದೆ. ಅದಕ್ಕೆ ಮೊದಲು ತಾಲೂಕಿನ ಪ್ರಕಾರ ಸಾರ್ಟ್ ಮಾಡಿರಬೇಕು.

ಕನ್ನಡದಲ್ಲಿ ವರದಿ ಮಾಡುವವರಿಗೆ ಎರಡು ಮಾತು ಹೆಚ್ಚು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷಿಗೆ ಹೊಂದಿಸಿದ 15 ಪಾಯಿಂಟ್ ಸಾಲಿನಲ್ಲಿ ‘ಮಲ್ಲಪ್ಪ’, ‘ಅಲ್ಲಾಬಕ್ಷ’ ಬರೆದರೆ ಕೆಳಗಿನ ಒತ್ತು ಕತ್ತರಿಸಿ ಹೋಗಬಹುದು. ಸಾಲಿನ ಎತ್ತರ 20ಕ್ಕೆ ಏರಿಸಿ. ಪುಟಕ್ಕೆ ಸಾಲು ಕಡಿಮೆ ಹಿಡಿಯುತ್ತದೆ, ಹಿಡಿಯಲಿ. ಎರಡನೆಯದು ಫಾಂಟ್. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ತುಂಗಾ, ನಿರ್ಮಲಾ, ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಬಳಸಿ. ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ಯುವುದಾದರೆ ಎಕ್ಸೆಲ್ ಫೈಲ್ ಬೇಡ, ಪಿಡಿಎಫ್ ಮಾಡಿ ಒಯ್ಯಿರಿ. ಅಲ್ಲಿನ ಪ್ರಿಂಟರ್ ಬೇರೆ, ಫಾಂಟ್ ಬೇರೆ. ನೀವು ಅರ್ಧ ಗಂಟೆ ಕೂತು ಹೊಂದಿಸಿದ ಪುಟ ಅಲ್ಲಿ ಬೇರೆ ಜಾಗದಲ್ಲಿ ಮುರಿಯಬಹುದು. ಪಿಡಿಎಫ್‌ನಲ್ಲಿ ಪುಟ ಇದ್ದಲ್ಲೇ ಇರುತ್ತದೆ.

ಅಂಕಿಗಳ ಬಗ್ಗೆ: ಕಾಲಂ ಇಕ್ಕಟ್ಟಾದರೆ ಎಕ್ಸೆಲ್ ಮೊತ್ತದ ಬದಲು ##### ಮುದ್ರಿಸುತ್ತದೆ, ಸ್ಕ್ರೀನ್ ಮೇಲೆ ಸರಿ ಕಂಡದ್ದೂ ಹಾಳೆಯಲ್ಲಿ ಹೀಗಾಗಬಹುದು. ಅಲ್ಪವಿರಾಮ 100,000 ಎಂದು ಬರುತ್ತಿದ್ದರೆ ವಿಂಡೋಸ್‌ನ ರೀಜನ್ ಅನ್ನು ಇಂಡಿಯಾ ಮಾಡಿ, 1,00,000 ಎಂದಾಗುತ್ತದೆ. ನಷ್ಟವನ್ನು ಬರೀ ಕೆಂಪು ಬಣ್ಣದಲ್ಲಿ ತೋರಿಸಬೇಡಿ, ಝೆರಾಕ್ಸ್ ಮಾಡಿದರೆ ಕೆಂಪೂ ಕಪ್ಪೇ. ಮೈನಸ್ ಚಿಹ್ನೆ ಹಾಕಿ.

ಇನ್ನು ಡಾಟ್ ಮ್ಯಾಟ್ರಿಕ್ಸ್. ಕಾರ್ಬನ್ ಪ್ರತಿ ಬೇಕಾದ ಕಡೆ ಈ ಕರ್ಕಶ ಪ್ರಿಂಟರ್ ಇನ್ನೂ ಉಳಿದಿದೆ, ಏಕೆಂದರೆ ಅದು ಹಾಳೆಗೆ ಬಡಿದು ಬರೆಯುತ್ತದೆ. ಅದರಲ್ಲಿ ಓಡುವ ಅಂಚಿಗೆ ತೂತಿರುವ ಉದ್ದನೆಯ ಹಾಳೆ ಸಾಮಾನ್ಯವಾಗಿ 11 ಇಂಚಿಗೊಂದು ಮಡಿಕೆ; ಇಂಚಿಗೆ 6 ಸಾಲಿನಂತೆ 66 ಸಾಲು ಹಿಡಿಯುತ್ತದೆ. ಸೆಟಪ್‌ನಲ್ಲಿ ಎ4 ಎಂದೇ ಬಿಟ್ಟರೆ ಪ್ರತಿ ಪುಟಕ್ಕೆ ಸುಮಾರು 18 ಮಿಲಿಮೀಟರ್ ಜಾರುತ್ತಾ ಹೋಗಿ, ಹತ್ತನೇ ಪುಟದ ಹೊತ್ತಿಗೆ ತಲೆಬರಹ ಹಾಳೆಯ ನಡುವೆ ಬಂದು ನಿಲ್ಲುತ್ತದೆ. ಆಗ ಪ್ರಿಂಟರ್ ಕೆಟ್ಟಿದೆ ಎಂದು ರಿಪೇರಿಗೆ ಕಳಿಸಬೇಕಿಲ್ಲ, ಹಾಳೆಯ ಅಳತೆ ಬದಲಿಸಿದರೆ ಸಾಕು. ಟ್ಯಾಲಿಯಲ್ಲಿ ಇದಕ್ಕೆಂದೇ ‘ಡಾಟ್ ಮ್ಯಾಟ್ರಿಕ್ಸ್ ಫಾರ್ಮ್ಯಾಟ್’ ಬೇರೆ ಇದೆ. ಲೇಸರ್ ಪ್ರಿಂಟರ್‌ಗೆ ‘ನೀಟ್ ಫಾರ್ಮ್ಯಾಟ್’. ಯಾವ ಪ್ರಿಂಟರ್ ಆದರೂ ಮೊದಲು ಪ್ರಿವ್ಯೂ ನೋಡಿ, ಆಮೇಲೆ ಕೊನೆಯ ಪುಟ ಒಂದನ್ನೇ ಮುದ್ರಿಸಿ. ತಪ್ಪಿದ್ದರೆ ಹೆಚ್ಚಾಗಿ ಅಲ್ಲೇ ಕಾಣುತ್ತದೆ: ಒಟ್ಟು ಮೊತ್ತದ ಸಾಲು ಒಂಟಿಯಾಗಿ ನಾಲ್ಕನೇ ಹಾಳೆಗೆ ಹೋಗಿರುತ್ತದೆ, ಸಹಿ ಮಾಡಲು ಜಾಗ ಇರುವುದಿಲ್ಲ.